ಶನಿವಾರದ ಮಗಳು, ಎರಡನೇ ಟರ್ಮಿನಲ್

"ಅಳೋದು ನಿಲ್ಲಿಸೋಕೆ ಹೇಳಿ ಪಾಕ್ ಚಿಕ್. ನಾನೇನು ಇವಳನ್ನ ನೇಣಿಗೆ ಹಾಕ್ತಾ ಇದೀನಾ? ಬಂದ ಊರಿಗೇ ವಾಪಸ್ ಕಳಿಸ್ತಾ ಇದೀನಿ, ಅಷ್ಟೆ!"

ಕ್ವಾಲಾಲಂಪುರ ನಿಲ್ದಾಣದ ಪುವಾನ್ ರೊಹಾನಾ ತನ್ನನ್ನು ಪಾಕ್ ಚಿಕ್, ಅಂದರೆ ಚಿಕ್ಕಪ್ಪ, ಎಂದು ಕರೆದು ಆಡಿದ ಈ ಮಾತನ್ನು ಊ ಪೇ ಮೌಂಗ್ ಬರ್ಮಿ ಭಾಷೆಗೆ ತಿರುಗಿಸಲಿಲ್ಲ. ತಿರುಗಿಸಿದ್ದರೆ ಎದುರಿಗೆ ಕುರ್ಚಿಯಲ್ಲಿ ಮುದುಡಿ ಕೂತ ಹುಡುಗಿ ನಕ್ಕೇಬಿಡುತ್ತಿದ್ದಳೋ ಏನೋ. ಅವಳನ್ನು ವಾಪಸ್ ಕಳಿಸುವುದೂ ನೇಣಿಗೆ ಹಾಕುವುದೂ ಬೇರೆಬೇರೆ ಅಲ್ಲ ಎನ್ನುವುದು ಆ ಕೋಣೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು.

ಹುಡುಗಿಯ ಹೆಸರು ಓನ್ಮಾ. ಮೊನ್ಯುವಾದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಸೈನ್ಯದವರ ಗುಂಡು ತಿಂದು ಬಂದ ಹುಡುಗರಿಗೆ ಬ್ಯಾಂಡೇಜು ಕಟ್ಟಿದ್ದೇ ಅವಳು ಮಾಡಿದ ಅಪರಾಧ. ನಿನ್ನೆ ಸಂಜೆ ಯಾಂಗೊನ್‌ನಲ್ಲಿ ಅವಳು ವಿಮಾನ ಹತ್ತಿದಳು, ಅತ್ತ ಅವಳ ಮನೆಯ ಬಾಗಿಲಿಗೆ ಸಿಪಾಯಿಗಳು ಬಂದರು. ಈಗ ವಾಪಸ್ ಇಳಿದರೆ ನಿಲ್ದಾಣದಿಂದಲೇ ಎತ್ತಿಕೊಂಡು ಹೋಗುತ್ತಾರೆ.

"ಇನ್ನೊಂದ್ಸಲ ನೋಡಿ ಪುವಾನ್. ಟೋಕಿಯೋದಲ್ಲಿ ವೃದ್ಧರ ಮನೆಯಲ್ಲಿ ಕೆಲಸ ಇದೆ, ಜಪಾನಿನ ವೀಸಾ ಇದೆ, ಟಿಕೆಟ್ ಇದೆ," ಎಂದ ಪೇ ಮೌಂಗ್.

"ಎಲ್ಲಾ ಇದೆ, ಬೇಕಾದ್ದೊಂದಿಲ್ಲ." ರೊಹಾನಾ ವಿಮಾನ ಕಂಪನಿಯ ಮೇಲ್ವಿಚಾರಕಿ, ಎಲ್ಲರ ಬಾಯಲ್ಲಿ ಪುವಾನ್, ಅಂದರೆ ಮೇಡಂ. ಬೆಳಗಿನಿಂದ ಇದೇ ಮಾತು ಹೇಳಿ ಹೇಳಿ ಅವಳ ಗಂಟಲು ಕಟ್ಟಿತ್ತು. "ಒಳಗೇ ಇಳಿದು ಒಳಗಿಂದ್ಲೇ ಹತ್ತಿ ಹೋಗೋರಿಗೆ ನಮ್ಮ ದೇಶದ ವೀಸಾ ಬೇಡ. ಇವಳು ಇಳಿದಿರೋದು ಎರಡನೇ ಟರ್ಮಿನಲ್. ಟೋಕಿಯೋ ವಿಮಾನ ಹೊರಡೋದು ಒಂದನೇದ್ರಿಂದ. ನಡುವೆ ರೈಲಿದೆ ನಿಜ, ಆದ್ರೆ ರೈಲು ನಿಲ್ಲೋದು ಇಮಿಗ್ರೇಷನ್ ಆಚೆ. ಆಚೆ ಕಾಲಿಟ್ರೆ ಮಲೇಷ್ಯಾದೊಳಗೆ ಬಂದ ಹಾಗೆ. ಅದಕ್ಕೆ ಬರ್ಮಾದವರಿಗೆ ವೀಸಾ ಬೇಕು. ಇವಳ ಹತ್ರ ಎಲ್ಲಿದೆ?"

"ಪೆಟ್ಟಿಗೆ?"

"ಅದನ್ನೂ ಇಲ್ಲೀವರೆಗೇ ಹಾಕ್ಸಿದಾರೆ. ಅದನ್ನ ತಗೊಳ್ಳೋಕೂ ಆಚೆಗೇ ಹೋಗ್ಬೇಕು. ಯಾವ ಪುಣ್ಯಾತ್ಮ ಕೊಟ್ಟ ಟಿಕೆಟ್ಟೋ ಇದು!"

ಯಾವ ಪುಣ್ಯಾತ್ಮ ಎನ್ನುವುದು ಪೇ ಮೌಂಗ್‌ಗೆ ಗೊತ್ತಿತ್ತು. ಯಾಂಗೊನ್‌ನ ಏಜೆಂಟ್ ಕೋ ಝೇಯಾ. ಅವನು ಕಳಿಸಿದ ಇನ್ನಿಬ್ಬರು ಹೆಂಗಸರು ಹಿಂದಿನ ತಿಂಗಳುಗಳಲ್ಲಿ ಹೀಗೆಯೇ ಇದೇ ಕೋಣೆಯಲ್ಲಿ ಸಿಕ್ಕಿಬಿದ್ದಿದ್ದರು, ಆಮೇಲೆ ಯಾಂಗೊನ್‌ಗೂ ಹೋಗದೆ, ಕ್ವಾಲಾಲಂಪುರಕ್ಕೂ ಬಾರದೆ, ಗಾಳಿಯಲ್ಲಿ ಕರಗಿಹೋಗಿದ್ದರು.

ಒಬ್ಬರ ಟಿಕೆಟ್ ತಪ್ಪಾದರೆ ತಪ್ಪು ಅನ್ನಬಹುದು. ಮೂವರದೂ ಅದೇ ರೀತಿ ತಪ್ಪಾದರೆ ಅದಕ್ಕೆ ಬೇರೆ ಹೆಸರಿದೆ. ಮಂಡಾಲೆಯ ಪೊಲೀಸ್ ಇಲಾಖೆಯಲ್ಲಿ ಪತ್ತೇದಾರನಾಗಿ ಕೂದಲು ಬೆಳ್ಳಗೆ ಮಾಡಿಕೊಂಡವನು ಪೇ ಮೌಂಗ್. ಅಲ್ಲಿಂದ ಓಡಿಬಂದು ಕ್ವಾಲಾಲಂಪುರದ ಪುಡುವಿನ ಒಂದು ಮಹಡಿ ಕೋಣೆಯಲ್ಲಿ ನೆಲೆ ನಿಂತ ಮೇಲೂ ಕಸುಬು ಬಿಟ್ಟಿರಲಿಲ್ಲ. ಊರಲ್ಲಿ ಕಳೆದುಹೋದ ಬರ್ಮಾದವರನ್ನು ಹುಡುಕಿಕೊಡುತ್ತಿದ್ದ. ಬರ್ಮಾದವರು ನಿಲ್ದಾಣದಲ್ಲಿ ಸಿಕ್ಕಿಕೊಂಡಾಗ ಮಾತು ತಿಳಿಸಲು ರೊಹಾನಾ ಅವನಿಗೇ ಫೋನ್ ಮಾಡುತ್ತಿದ್ದಳು. ಒಳಗೆ ಬರುವ ಪಾಸ್ ಸಿಗುತ್ತಿದ್ದದ್ದು ಹಾಗೆ.

"ದಾರಿಯೇ ಇಲ್ವಾ?" ಎಂದು ಕೇಳಿದ.

ರೊಹಾನಾ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. ಅವಳು ಕೆಟ್ಟವಳಲ್ಲ. ಮನೆಯಲ್ಲಿ ಅವಳಿಗೂ ಇದೇ ವಯಸ್ಸಿನ ಮಗಳಿದ್ದಳು.

"ಒಂದೇ ಒಂದು. ಇದೇ ಟರ್ಮಿನಲ್‌ನಿಂದ ಹೊರಡೋ ಟಿಕೆಟ್ ತೋರಿಸಿ. ಯಾವ ದೇಶವಾದ್ರೂ ಸರಿ, ಅವರು ಇವಳನ್ನ ಒಳಗೆ ಬಿಟ್ಕೊಳ್ಳೋ ಹಾಗಿರ್ಬೇಕು. ಪೆಟ್ಟಿಗೆಗೆ ನಾನೇ ಚೀಟಿ ಬದಲಾಯಿಸ್ತೀನಿ. ಆದ್ರೆ ಯಾಂಗೊನ್ ವಿಮಾನದ ಬಾಗಿಲು ಮುಚ್ಚೋದ್ರೊಳಗೆ ತೋರಿಸ್ಬೇಕು. ಆಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ ಪಾಕ್ ಚಿಕ್, ದೇವರಾಣೆ."

ಪೇ ಮೌಂಗ್ ತಡಮಾಡದೆ ಹೆಂಡತಿಗೆ ಫೋನ್ ಹಚ್ಚಿದ. ದೋ ಯುಜನಾ ಕೋಟಾ ರಾಯ ಪೇಟೆಯ ಟಿಕೆಟ್ ಅಂಗಡಿಯಲ್ಲಿ ಕೂರುತ್ತಿದ್ದಳು. ಊರಿಗೆ ಹೋಗಿ ಬರುವ ಬರ್ಮಾದವರೆಲ್ಲ ಅವಳ ಮುಂದೆಯೇ ಸಾಲು ನಿಲ್ಲಬೇಕು.

"ಎರಡನೇ ಟರ್ಮಿನಲ್, ಯುಜನಾ. ಎರಡನೇದು. ಎಲ್ಲಿಗಾದ್ರೂ ಸರಿ, ವೀಸಾ ಕೇಳದ ಊರಿಗೆ. ಇವತ್ತೇ."

"ನಂಗೆ ಟಿಕೆಟ್ ಮಾಡೋದು ಹೇಳ್ಕೊಡ್ತೀಯಾ ಅಕೋ? ಊಟ ಮಾಡಿದ್ಯಾ ಇಲ್ವಾ ಅದು ಹೇಳು," ಎಂದಳು ಅವಳು. ಬರ್ಮಾದ ಹೆಂಡತಿಯರು ಗಂಡನನ್ನು ಅಕೋ ಎಂದೇ ಕರೆಯುತ್ತಾರೆ.

"ಊಟ ಹಾಳಾಗ್ಲಿ. ಬೇಗ ಮಾಡು."

"ಮಾಡ್ತೀನಿ ಮಾರಾಯ. ಉಸಿರಾಡು ಸ್ವಲ್ಪ."

*

ಓನ್ಮಾಳ ಕೆನ್ನೆಯ ಮೇಲೆ ನಿನ್ನೆ ಹಚ್ಚಿದ, ಮರದ ತೊಗಟೆ ತೇಯ್ದ ತನಖಾ ಲೇಪ ಕಣ್ಣೀರಿನಲ್ಲಿ ಕರಗಿ ಗೆರೆಗೆರೆಯಾಗಿತ್ತು. ಪೇ ಮೌಂಗ್ ಕುರ್ಚಿ ಎಳೆದುಕೊಂಡು ಅವಳ ಎದುರು ಕೂತ.

"ನಿಮ್ಮಕ್ಕ ಖಿನ್ ಸೂ ಆಚೆ ನಿಂತಿದಾಳಮ್ಮ. ಈ ಗೋಡೆ ಆಚೆ. ಬೆಳಗ್ಗೆಯಿಂದ ನೀರೂ ಕುಡಿದಿಲ್ಲ."

"ಗೋಡೆ ಆಚೆ," ಎಂದಳು ಓನ್ಮಾ, ಹಿರಿಯನಿಗೆ ಮರ್ಯಾದೆ ಕೊಟ್ಟು ಸಯಾ ಎನ್ನುತ್ತ. "ನಾನು ಅವಳನ್ನ ನೋಡಿ ಐದು ವರ್ಷ ಆಯ್ತು ಸಯಾ. ಕೂಗಿದ್ರೆ ಕೇಳುತ್ತಾ?"

"ಕೂಗ್ಬೇಡ. ಈಗ್ಲೇ ಇವರಿಗೆ ಪಿತ್ತ ನೆತ್ತಿಗೇರಿದೆ. ನಾನು ಕೇಳಿದ್ದಕ್ಕೆ ಉತ್ತರ ಕೊಡು. ಟಿಕೆಟ್ ಎರಡು ಟರ್ಮಿನಲ್‌ದು ಅಂತ ಝೇಯಾ ಹೇಳಿದ್ನಾ?"

"ನಿಲ್ದಾಣ ಒಂದೇ, ಇಳಿದು ಎದುರಿನ ಬಾಗಿಲಿಗೆ ಹೋದ್ರೆ ಆಯ್ತು ಅಂದ್ರು. ಪೆಟ್ಟಿಗೆ ತಾನಾಗೇ ಬರುತ್ತೆ ಅಂದ್ರು. ನಂಗೇನು ಗೊತ್ತು? ನಾನು ವಿಮಾನ ಹತ್ತಿದ್ದೇ ಮೊದಲ ಸಲ."

"ಇಲ್ಲಿ ಬಂದ ಮೇಲೆ ಯಾರಾದ್ರೂ ಮಾತಾಡ್ಸಿದ್ರಾ?"

"ಒಬ್ರು ಚಿಕ್ಕಮ್ಮ. ನಮ್ಮವರೇ, ಬರ್ಮಾದವರು. ನನ್ನನ್ನ ಈ ಕೋಣೆಗೆ ಕರ್ಕೊಂಡು ಬರೋ ಮುಂಚೆ ಹೊರಗಿನ ಹಾಲ್‌ನಲ್ಲಿ ಕೂರ್ಸಿದ್ರಲ್ಲ, ಆಗ. ಪಾಪ, ಡಬ್ಬಿ ತೆಗೆದು ತಿನ್ನೋಕೆ ಲಪೆಟ್ ಕೊಟ್ರು. ಕಣ್ಣೊರೆಸಿದ್ರು. ಜೊತೆಗೆ ಬಂದ್ರೆ ಕೆಲಸ ಕೊಡಿಸ್ತೀನಿ, ನಾನು ಹೋಗೋ ಊರಿಗೆ ವೀಸಾನೇ ಬೇಡ ಅಂದ್ರು."

ಪೇ ಮೌಂಗ್‌ನ ಬೆನ್ನು ನೆಟ್ಟಗಾಯಿತು.

"ನೀನೇನಂದೆ?"

"ಅಕ್ಕನ್ನ ಕೇಳ್ಬೇಕು ಅಂದೆ. ಅದಕ್ಕೆ ಅವರು, ಕೇಳೋದೇನಿದೆ ಮಗಳೇ, ಶನಿವಾರ ಹುಟ್ಟಿದೋಳಿಗೆ ಈ ತಿಂಗಳು ಹಿಂದಕ್ಕೆ ಹೋಗೋ ಪ್ರಯಾಣ ಆಗಿಬರಲ್ಲ, ಪೂರ್ವಕ್ಕೆ ಹೋಗು, ಎಲ್ಲಾ ಸರಿಹೋಗುತ್ತೆ ಅಂದ್ರು. ಒಳ್ಳೇವರು ಸಯಾ. ಅವರ ಜೊತೆ ಹೋಗಿಬಿಡ್ಲಾ?"

ಪೇ ಮೌಂಗ್ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ.

"ಶನಿವಾರ ಅಂತ ನೀನು ಹೇಳಿದ್ಯಾ ಅವಳಿಗೆ?"

"ಇಲ್ವಲ್ಲ."

"ಓನ್ಮಾ ಅನ್ನೋ ಹೆಸರು ಭಾನುವಾರದ್ದು."

ಬರ್ಮಾದಲ್ಲಿ ಹೆಸರಿನ ಮೊದಲಕ್ಷರ ಹುಟ್ಟಿದ ವಾರವನ್ನು ಸಾರಿ ಹೇಳುತ್ತದೆ. ಸ್ವರದಿಂದ ಶುರುವಾದರೆ ಭಾನುವಾರ. ಮಾವಿನಕಾಯಿ ಮಾರುವ ಮುದುಕಿಯೂ ಹೆಸರು ಕೇಳಿದ ತಕ್ಷಣ ವಾರ ಹೇಳುತ್ತಾಳೆ, ಅದಕ್ಕೇನೂ ಪಂಚಾಂಗ ಬೇಕಿಲ್ಲ.

ಓನ್ಮಾ ತಲೆ ತಗ್ಗಿಸಿದಳು. "ಹುಟ್ಟಿದ್ದು ಶನಿವಾರವೇ. ಚೊಚ್ಚಲು ಹೆಣ್ಣು, ಶನಿವಾರ ಹುಟ್ಟಿದ್ರೆ ಮನೆಗೆ ಬೆಂಕಿ ಅಂತಾರಲ್ಲ. ಅಜ್ಜಿ ಬಾಯಿಗೆ ಹೆದರಿ ಅಮ್ಮ ಮರುದಿನ ಹುಟ್ಟಿದ್ದು ಅಂತ ಹೇಳಿಬಿಟ್ಳು. ಹೆಸರೂ ಭಾನುವಾರದ್ದೇ ಇಟ್ರು. ಮನೇಲಿ ಅಮ್ಮಂಗೆ, ಅಕ್ಕಂಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ."

"ಚೊಚ್ಚಲು ಅಂದ್ಯಲ್ಲ. ಖಿನ್ ಸೂ?"

"ಅವಳು ದೊಡ್ಡಪ್ಪನ ಮಗಳು. ಅವಳಪ್ಪ ಅಮ್ಮ ಹೋದ ಮೇಲೆ ನಮ್ಮನೇಲೇ ಬೆಳೆದ್ಳು. ನಂಗೆ ಅವಳೇ ಅಕ್ಕ."

"ಪಾಸ್‌ಪೋರ್ಟಲ್ಲಿ?"

"ಅದು ಶಾಲೆ ಹೆಡ್‌ಮಾಸ್ತರು ಬರೆದ ತಾರೀಖು. ಅದು ಇನ್ಯಾವ ವಾರವೋ."

ಪೇ ಮೌಂಗ್ ಫೋನಿನಲ್ಲಿ ಆ ತಾರೀಖು ಹುಡುಕಿದ. ಬುಧವಾರ. ಹೆಸರು ನೋಡಿದರೆ ಭಾನುವಾರ, ಪಾಸ್‌ಪೋರ್ಟು ನೋಡಿದರೆ ಬುಧವಾರ. ಶನಿವಾರ ಎನ್ನಲು ಯಾವ ದಾರಿಯೂ ಇರಲಿಲ್ಲ. ಹಾದಿಯಲ್ಲಿ ಸಿಕ್ಕ ಚಿಕ್ಕಮ್ಮನಿಗೆ ಅದು ಗೊತ್ತಾದದ್ದು ಹೇಗೆ?

"ಆ ಚಿಕ್ಕಮ್ಮ ಈಗೆಲ್ಲಿ?"

"ಹೊರಗೆ ನೂಡಲ್ಸ್ ಅಂಗಡಿ ಹತ್ರ ಕೂತಿರ್ತೀನಿ, ಮನಸ್ಸು ಬದಲಾದ್ರೆ ಹೇಳಿಕಳ್ಸು ಅಂದ್ರು."

*

ಅವಳು ಅಲ್ಲಿಯೇ ಇದ್ದಳು. ಐವತ್ತರ ಹೆಂಗಸು, ನೇರಳೆ ಬಣ್ಣದ ರೇಷ್ಮೆ ಲುಂಗಿ, ಜಡೆಗೆ ಪ್ಲಾಸ್ಟಿಕ್ಕಿನ ಮಲ್ಲಿಗೆ. ಯಾರಿಗೇ ಆಗಲಿ, ನೋಡಿದೊಡನೆ ತವರುಮನೆ ನೆನಪಾಗುವ ಮುಖ. ಆ ಮುಖ ನೋಡಿ ಪೇ ಮೌಂಗ್‌ಗೆ ಮೈಯೆಲ್ಲ ಉರಿಯಿತು.

"ಮಿಂಗಲಾಬಾ," ಎಂದು ಎದುರು ಕೂತ. "ನಮ್ಮೂರಿನವರು ಕಂಡ್ರೆ ಬಿಡೋಕಾಗಲ್ಲ ನೋಡಿ. ನಾನು ಪೇ ಮೌಂಗ್."

"ಕೂತ್ಕೊಳ್ಳಿ ಸಯಾ. ನಾನು ಥೀರಿ." ಅವಳು ಹುಳಿ ಬರಿಸಿದ ಚಹಾ ಎಲೆಯ ಡಬ್ಬಿ ಮುಂದೆ ತಳ್ಳಿದಳು. "ಲಪೆಟ್ ತಗೊಳ್ಳಿ. ಇಲ್ಲಿ ಸಿಗೋ ಹುರಿದ ಬೇಳೆಗೆ ರುಚಿಯಿಲ್ಲ, ನಾನು ಮನೆಯಿಂದ್ಲೇ ತರ್ತೀನಿ."

"ಆ ಹುಡುಗಿಗೆ ಧೈರ್ಯ ಹೇಳಿದ್ರಂತೆ. ಪುಣ್ಯ ಬರುತ್ತೆ ನಿಮಗೆ."

"ಅಯ್ಯೋ, ಮನುಷ್ಯರಾದ ಮೇಲೆ ಅಷ್ಟೂ ಮಾಡದಿದ್ರೆ ಹೇಗೆ?"

"ನೀವು ಜಾತಕ ನೋಡ್ತೀರಾ?"

ಥೀರಿ ನಾಚಿದವಳಂತೆ ಕೈಯಾಡಿಸಿದಳು. "ಅಷ್ಟಿಷ್ಟು. ನಮ್ಮಮ್ಮನಿಂದ ಬಂದಿದ್ದು."

"ಹಾಗಾದ್ರೆ ನಂದು ಹೇಳಿ. ಯಾವ ವಾರದೋನು ನಾನು?"

"ಇದೇನು ಪರೀಕ್ಷೆನಾ ಸಯಾ? ಪೇ ಅಂದ್ರೆ ಗುರುವಾರ. ಇಲಿ ವಾಹನ. ಹೆಂಡತಿ ಮಾತು ಕೇಳದ ಜಾತಿ," ಎಂದು ಅವಳು ನಕ್ಕಳು.

ಪೇ ಮೌಂಗ್ ಕೂಡ ನಕ್ಕ. "ಸರಿಯಾಗಿ ಹೇಳಿದ್ರಿ. ಥೀರಿ ಅಂದ್ರೆ?"

"ಶುಕ್ರವಾರ."

"ಖಿನ್ ಅಂದ್ರೆ?"

"ಸೋಮವಾರ. ಮಕ್ಕಳಿಗೂ ಗೊತ್ತಿರೋದು ಕೇಳ್ತೀರಲ್ಲ!"

"ಓನ್ಮಾ ಅಂದ್ರೆ?"

"ಭಾನು..."

ಅರ್ಧಕ್ಕೆ ನಿಂತ ಮಾತು ಅಲ್ಲಿಯೇ ನಿಂತಿತು. ಲಪೆಟ್ ಎತ್ತಿದ್ದ ಅವಳ ಬೆರಳು ಬಾಯಿಯ ಹತ್ತಿರ ಬಂದು ತಡೆಯಿತು. ಆಮೇಲೆ ಅವಳು ಏನೂ ಆಗದವಳಂತೆ ಅದನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು.

"ಹೇಳಿ ತಾಯಿ. ಭಾನುವಾರ. ಮತ್ತೆ ಅವಳ ಮುಂದೆ ಶನಿವಾರ ಅಂದ್ರಲ್ಲ?"

"ಪಾಸ್‌ಪೋರ್ಟಿನ ತಾರೀಖು ನೋಡಿ ಲೆಕ್ಕ ಹಾಕ್ದೆ."

"ಆ ತಾರೀಖು ಬುಧವಾರ."

"ಹಾಗಾದ್ರೆ ಲೆಕ್ಕ ತಪ್ಪಾಯ್ತು. ವಯಸ್ಸಾಯ್ತಲ್ಲ."

"ತಪ್ಪಾದ ಲೆಕ್ಕ ಸರಿಯಾದ ಉತ್ತರಕ್ಕೆ ಬಂದು ನಿಲ್ತಾ? ಅವಳು ನಿಜಕ್ಕೂ ಶನಿವಾರದೋಳು. ಹೆತ್ತ ತಾಯಿ ಮುಚ್ಚಿಟ್ಟ ಗುಟ್ಟು ಅದು. ನಿಮಗೆ ಯಾರು ಹೇಳಿದ್ರು?"

ಥೀರಿಯ ಮುಖದ ಮೇಲಿನ ತವರುಮನೆ ಮಾಯವಾಯಿತು. ಡಬ್ಬಿಯ ಮುಚ್ಚಳ ಹಾಕಿ ಚೀಲಕ್ಕಿಟ್ಟಳು.

"ನೀವು ಪೊಲೀಸಾ?"

"ಆಗಿದ್ದೆ."

"ಆಗಿದ್ರಿ. ಈಗಲ್ಲ. ಇದು ನಿಮ್ಮ ಮಂಡಾಲೆ ಠಾಣೆಯೂ ಅಲ್ಲ." ದನಿ ಏರಿಸಲಿಲ್ಲ ಅವಳು. "ನನ್ನ ಹತ್ರ ಟಿಕೆಟ್ ಇದೆ, ಪಾಸ್‌ಪೋರ್ಟ್ ಇದೆ. ನಾನು ಈ ಟರ್ಮಿನಲ್‌ನಲ್ಲೇ ಇಳಿದು ಇದೇ ಟರ್ಮಿನಲ್‌ನಲ್ಲೇ ಹತ್ತೋಳು. ಯಾರ ವೀಸಾನೂ ನಂಗೆ ಬೇಕಿಲ್ಲ. ಅತ್ತಿದ್ದ ಹುಡುಗಿಗೆ ಒಂದು ತುತ್ತು ಕೊಟ್ಟೆ. ಅದು ಯಾವ ಕಾನೂನಲ್ಲಿ ತಪ್ಪು? ಕರೀರಿ ಯಾರನ್ನ ಕರೀತೀರೋ."

"ನಾನು ಮಂಡಾಲೆಯೋನು ಅಂತ ನಿಮಗೆ ಹೇಳ್ಲಿಲ್ವಲ್ಲ."

ಅವಳು ಎದ್ದು ನಿಂತು ಲುಂಗಿ ಸರಿಮಾಡಿಕೊಂಡಳು.

ಪೇ ಮೌಂಗ್ ದಾರಿಗೆ ಅಡ್ಡ ನಿಂತ. "ಹಿಂದೆ ಇಬ್ಬರು ಹೆಂಗಸರು ಇದೇ ಹಾಲ್‌ನಿಂದ ಕಾಣೆಯಾದ್ರು. ಅವರ ಕಣ್ಣನ್ನೂ ನೀವೇ ಒರೆಸಿದ್ರಾ?"

"ಅವರಿಗೆ ಮುಂದೆ ಹೋಗೋಕೆ ಬಿಡಲಿಲ್ಲ ಈ ಜನ. ಹಿಂದೆ ಹೋಗೋಕೆ ಅವರಿಗೇ ಧೈರ್ಯ ಇರ್ಲಿಲ್ಲ. ಮಧ್ಯದಲ್ಲಿ ಬಾಗಿಲು ತೆಗೆದೋಳು ನಾನೊಬ್ಳೇ." ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು. "ನೀವೇನು ಮಾಡಿದ್ರಿ ಸಯಾ? ಮಾತು ತಿರುಗಿಸಿ ಹೇಳಿದ್ರಿ. ವಾಪಸ್ ಹೋಗಮ್ಮ ಅಂತ."

ಆ ಮಾತು ನೆಟ್ಟಗೆ ಎದೆಗೆ ನಾಟಿತು. ಅವನು ಎಷ್ಟು ಜನಕ್ಕೆ ಹಾಗೆ ತಿರುಗಿಸಿ ಹೇಳಿದ್ದನೋ ಅವನಿಗೇ ಲೆಕ್ಕವಿರಲಿಲ್ಲ. ದಾರಿ ಬಿಟ್ಟ. ಅವಳು ಹೋಗುವಾಗ ಕೈಯಲ್ಲಿದ್ದ ಬೋರ್ಡಿಂಗ್ ಪಾಸ್ ಮಾತ್ರ ಕಣ್ಣಿಗೆ ಬಿತ್ತು. ನೊಮ್‌ಪೆನ್. ಕಾಂಬೋಡಿಯಾ.

ನೊಮ್‌ಪೆನ್ ಎಂದೊಡನೆ ಪುಡುವಿನ ಯಾವ ಬರ್ಮಿ ತಾಯಿಯಾದರೂ ಎದೆ ಹಿಡಿದುಕೊಳ್ಳುತ್ತಾಳೆ. ಕೆಲಸ ಕೊಡಿಸುತ್ತೇವೆಂದು ಕರೆದೊಯ್ದು, ಪಾಸ್‌ಪೋರ್ಟ್ ಕಿತ್ತುಕೊಂಡು, ಬೇಲಿ ಹಾಕಿದ ಕಟ್ಟಡಗಳಲ್ಲಿ ಕೂಡಿಹಾಕಿ, ಫೋನಿನಲ್ಲಿ ಜನರಿಗೆ ಟೋಪಿ ಹಾಕುವ ಕೆಲಸ ಮಾಡಿಸುತ್ತಾರೆ. ಬೀದಿಬೀದಿಯಲ್ಲಿ ಗೊತ್ತಿರುವ ಸಂಗತಿ. ಬರ್ಮಾದವರಿಗೆ ಅಲ್ಲಿ ವೀಸಾ ಬೇಡ.

ಎಲ್ಲವೂ ಈಗ ಬಿಡಿಸಿ ಹೇಳಿದಂತಾಯಿತು. ಝೇಯಾ ಬೇಕೆಂದೇ ಟರ್ಮಿನಲ್ ತಪ್ಪಿಸುತ್ತಾನೆ. ಹುಡುಗಿ ಸಿಕ್ಕಿಬೀಳುತ್ತಾಳೆ, ಭಯದಲ್ಲಿ ಒದ್ದಾಡುತ್ತಾಳೆ. ಆಗ ಲಪೆಟ್ ಡಬ್ಬಿ ಹಿಡಿದು ಚಿಕ್ಕಮ್ಮ ಬರುತ್ತಾಳೆ. ಬಲವಂತವಿಲ್ಲ, ಅಪಹರಣವಿಲ್ಲ. ಹುಡುಗಿ ತಾನಾಗಿಯೇ, ಕೈಮುಗಿದು, ಹಿಂದೆ ನಡೆದುಹೋಗುತ್ತಾಳೆ.

ಆದರೆ ಶನಿವಾರ? ಝೇಯಾನಿಗೂ ಗೊತ್ತಿರದ ಆ ಶನಿವಾರ?

*

"ಯಾರಿಗೂ ಹೇಳಿಲ್ಲ ಸಯಾ, ಬುದ್ಧನ ಆಣೆ!" ಫೋನಿನಲ್ಲಿ ಖಿನ್ ಸೂ ಅಳುತ್ತಿದ್ದಳು. ಹಿಂದೆ ಆಗಮನ ಹಾಲ್‌ನ ಗದ್ದಲ. "ನಾನ್ಯಾಕೆ ಹೇಳ್ಲಿ? ಓನ್ಮಾನ ಬಿಡ್ತಾರಾ? ಅದು ಹೇಳಿ ಮೊದ್ಲು."

"ಹೇಳ್ತೀನಿ. ನೀನು ನೆನಪು ಮಾಡ್ಕೊ. ಅವಳು ಶನಿವಾರದೋಳು ಅಂತ ಯಾರ ಹತ್ರ ಬಾಯಿಬಿಟ್ಟೆ? ಫ್ಯಾಕ್ಟರಿಯಲ್ಲಿ? ಬುದ್ಧವಿಹಾರದಲ್ಲಿ?"

"ಇಲ್ಲ."

"ಜೊತೆಗಿರೋ ಹುಡುಗೀರ ಹತ್ರ?"

"ಇಲ್ಲ ಅಂದ್ನಲ್ಲ!"

ಆಮೇಲೆ ಮೌನ. ಪೇ ಮೌಂಗ್ ಪೊಲೀಸ್ ಕೆಲಸದಲ್ಲಿ ಕಲಿತದ್ದು ಒಂದೇ. ಇಂಥ ಮೌನವನ್ನು ತುಂಬಬಾರದು. ಕಾಯಬೇಕು. ಇವತ್ತು ಕಾಯಲು ಹೊತ್ತಿರಲಿಲ್ಲ, ಆದರೂ ಕಾದ.

"ಸಯಾ... ಬೈಬೇಡಿ."

"ಬೈಯಲ್ಲ."

"ನೀವು ಇಂಥದ್ದೆಲ್ಲ ಬೇಡ ಅಂತೀರಲ್ಲ, ಅದಕ್ಕೇ ನಿಮಗೆ ಹೇಳ್ಲಿಲ್ಲ. ಪ್ರಯಾಣಕ್ಕೆ ತೊಂದ್ರೆ ಬರದೇ ಇರ್ಲಿ ಅಂತ ಶಾಂತಿ ಮಾಡಿಸ್ದೆ. ಶಾಂತಿ ಮಾಡೋಕೆ ನಿಜವಾದ ವಾರವೇ ಹೇಳ್ಬೇಕಲ್ವಾ? ಸುಳ್ಳು ವಾರ ಹೇಳಿದ್ರೆ ಫಲ ಹೇಗೆ ಸಿಗುತ್ತೆ?"

"ಯಾರ ಹತ್ರ ಮಾಡಿಸ್ದೆ?"

"ನಿಮ್ಮ ಮನೇಲೇ ಸಯಾ. ಯುಜನಾ ಅಕ್ಕನ ಹತ್ರ. ನೀವಿಲ್ಲದಾಗ ಅವರು ಜಾತಕ ನೋಡ್ತಾರೆ, ಶಾಂತಿ ಮಾಡ್ತಾರೆ."

ಪೇ ಮೌಂಗ್ ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡ. ಇಪ್ಪತ್ತಾರು ವರ್ಷದ ಸಂಸಾರ. ಬೆಳಗ್ಗೆ ಅವನ ಅಂಗಿಯ ಗುಂಡಿ ಹೊಲಿದುಕೊಟ್ಟ ಕೈ ಅದು. ಛೆ, ಇರಲಾರದು, ಯಾರೋ ಕೇಳಿಸಿಕೊಂಡಿರಬೇಕು, ಅಂಗಡಿಯಲ್ಲಿ ಯಾರ ಜೊತೆಗೋ ಮಾತಿಗೆ ಮಾತು ಬಂದು ಹೇಳಿರಬೇಕು. ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದ, ಹಿಂದೆ ಅಪರಾಧಿಗಳ ಹೆಂಡತಿಯರು ಠಾಣೆಯಲ್ಲಿ ಕೂತು ಮಾಡಿಕೊಳ್ಳುತ್ತಿದ್ದ ಸಮಾಧಾನವೇ ಇದು ಎನ್ನುವುದೂ ಹೊಳೆಯುತ್ತಿತ್ತು.

ಫೋನ್ ಗುಂಯ್ ಎಂದಿತು. ಯುಜನಾ ಟಿಕೆಟ್ ಕಳಿಸಿದ್ದಳು.

ಎಲ್ಲ ಸರಿಯಾಗಿತ್ತು. ಓನ್ಮಾಳ ಹೆಸರು ಅಕ್ಷರ ತಪ್ಪದೆ ಇತ್ತು. ಎರಡನೇ ಟರ್ಮಿನಲ್. ವೀಸಾ ಕೇಳದ ಊರು. ಹೊರಡುವ ಹೊತ್ತು, ಯಾಂಗೊನ್ ವಿಮಾನ ಹೋದ ಸ್ವಲ್ಪ ಹೊತ್ತಿಗೇ.

ನೊಮ್‌ಪೆನ್.

*

ಅವನು ಕೋಣೆಗೆ ಹಿಂತಿರುಗಿದಾಗ ಓನ್ಮಾಳನ್ನು ಎಬ್ಬಿಸಿ ನಿಲ್ಲಿಸಿದ್ದರು. ಎರಡೂ ಪಕ್ಕ ಸಮವಸ್ತ್ರದ ಹೆಂಗಸರು.

"ಬಂತಾ ಪಾಕ್ ಚಿಕ್?" ಎಂದಳು ರೊಹಾನಾ. "ಬಾಗಿಲು ಮುಚ್ತಾ ಇದಾರೆ. ಕೊಡಿ ಬೇಗ."

"ಇನ್ನೊಂದು ಟಿಕೆಟ್ ಮಾಡಿಸ್ತೀನಿ. ಸ್ವಲ್ಪ ಹೊತ್ತು ಕೊಡಿ."

"ಹೊತ್ತು ಎಲ್ಲಿಂದ ತರ್ಲಿ? ಬಂದಿದ್ಯೋ ಇಲ್ವೋ ಹೇಳಿ."

"ಪುವಾನ್, ಹಿಂದೆ ಆ ಇಬ್ಬರು ಹೆಂಗಸರು ಎಲ್ಲಿಗೆ ಟಿಕೆಟ್ ತೋರಿಸಿದ್ರು?"

"ಅದೆಲ್ಲ ಹೇಳೋ ಹಾಗಿಲ್ಲ ನಾನು."

"ನೊಮ್‌ಪೆನ್ ಅಲ್ವಾ?"

ರೊಹಾನಾ ಮುಖ ಆಚೆ ತಿರುಗಿಸಿದಳು, ಪೇ ಮೌಂಗ್‌ಗೆ ಅಷ್ಟು ಸಾಕಾಯಿತು.

"ಸಯಾ, ಏನಂತೆ? ಟಿಕೆಟ್ ಬಂದಿದ್ಯಾ?" ಓನ್ಮಾ ಅವನ ಕೈಯಲ್ಲಿದ್ದ ಫೋನನ್ನೇ ನೋಡುತ್ತಿದ್ದಳು.

ಸುಳ್ಳು ಹೇಳಬಹುದಿತ್ತು. ಬಂದಿಲ್ಲ ಎಂದರೆ ಮುಗಿಯಿತು, ಅವಳು ಯಾಂಗೊನ್‌ಗೆ ಹೋಗುತ್ತಾಳೆ. ಆಮೇಲೆ ಅವಳ ಮುಖ ಅವನಿಗೆ ಸಾಯುವ ತನಕ ಕಾಣುತ್ತದೆ.

"ಬಂದಿದೆ. ಆದ್ರೆ ಇದು ಬಲೆ ಮಗಳೇ," ಎಂದ. "ಆ ಚಿಕ್ಕಮ್ಮ ಹೋಗೋ ವಿಮಾನವೇ ಇದು. ಅವಳು ನಿನ್ನನ್ನ ಮಾರ್ತಾಳೆ. ಅಲ್ಲಿ ಬೇಲಿಯೊಳಗೆ ಹಾಕ್ತಾರೆ. ಹೋದೋರು ಬಂದಿಲ್ಲ."

"ಯಾಂಗೊನ್‌ನಲ್ಲಿ?"

ಅವನು ತಲೆ ತಗ್ಗಿಸಿದ.

"ನನ್ನ ಜೊತೆ ಕೆಲಸ ಮಾಡ್ತಿದ್ದ ಮಾ ಪಾನ್ ಏ ಕೂಡ ಸಿಕ್ಕಿಬಿದ್ಳು ಸಯಾ. ಅವಳ ಹೆಣವನ್ನ ಮನೆಯವರಿಗೆ ಕೊಡ್ಲಿಲ್ಲ. ಬಟ್ಟೆ ಮಾತ್ರ ಕೊಟ್ರು. ಆ ಬಟ್ಟೆ ತೊಳೆದೋಳು ನಾನು." ಓನ್ಮಾ ಈಗ ಅಳುತ್ತಿರಲಿಲ್ಲ. "ಹಿಂದೆ ಹೋದ್ರೆ ಏನಾಗುತ್ತೆ ಅಂತ ನಂಗೆ ಗೊತ್ತು. ಬೇಲಿ ಅಂದ್ರಲ್ಲ, ಬೇಲಿ ಆದ್ರೆ ಹಾರೋಕಾದ್ರೂ ಪ್ರಯತ್ನ ಪಡಬಹುದು."

"ಬೇಡ ಓನ್ಮಾ. ನನ್ನ ಮಾತು ಕೇಳು."

"ಬೇರೆ ಏನಿದೆ ಕೊಡೋಕೆ ನಿಮ್ಮ ಹತ್ರ? ಇದ್ರೆ ಕೊಡಿ. ಕೇಳ್ತೀನಿ."

ಅವನ ಹತ್ತಿರ ಏನೂ ಇರಲಿಲ್ಲ. ಕಳ್ಳರನ್ನು ಹಿಡಿದಿದ್ದ, ಕೊಲೆಗಾರರ ಬಾಯಿ ಬಿಡಿಸಿದ್ದ, ಇವತ್ತು ಒಂದು ಹೆಣ್ಣುಮಗುವಿಗೆ ಎರಡು ಮೈಲಿ ಆಚೆಯ ಟರ್ಮಿನಲ್‌ಗೆ ದಾರಿ ತೋರಿಸುವ ಯೋಗ್ಯತೆ ಅವನಿಗಿರಲಿಲ್ಲ. ಹಾಳು ಜನ್ಮ, ಎಂದುಕೊಂಡ.

ಓನ್ಮಾ ಅವನ ಸಡಿಲವಾದ ಬೆರಳುಗಳಿಂದ ಫೋನ್ ಬಿಡಿಸಿಕೊಂಡಳು. ಎರಡು ಕೈಯಲ್ಲಿ ಹಿಡಿದು, ದೊಡ್ಡವರಿಗೆ ಕೊಡುವ ಹಾಗೆ ತಲೆ ಬಾಗಿಸಿ, ರೊಹಾನಾಗೆ ಕೊಟ್ಟಳು.

ರೊಹಾನಾ ಕಂಪ್ಯೂಟರಿನಲ್ಲಿ ಒತ್ತಿದಳು. ಸಮವಸ್ತ್ರದ ಹೆಂಗಸರಿಗೆ ಕಣ್ಣಲ್ಲೇ ಸನ್ನೆ ಮಾಡಿದಳು. ಅವರು ಓನ್ಮಾಳ ತೋಳು ಬಿಟ್ಟರು.

"ಸರಿಯಿದೆ. ಇವಳು ಯಾಂಗೊನ್‌ಗೆ ಹೋಗ್ಬೇಕಾಗಿಲ್ಲ," ಎಂದು ಉಸಿರುಬಿಟ್ಟಳು.

ಪೇ ಮೌಂಗ್ ಮೇಜಿನ ಮೇಲೆ ಎರಡೂ ಕೈ ಊರಿದ. ಮಾಡಬಹುದಾದದ್ದು ಒಂದೇ ಉಳಿದಿತ್ತು. ಜೇಬಿನಿಂದ ತನ್ನ ಪಾಸ್‌ಪೋರ್ಟ್ ತೆಗೆದ.

"ಪುವಾನ್, ಇಷ್ಟು ವರ್ಷ ನಿಮ್ಮನ್ನ ಏನೂ ಕೇಳಿಲ್ಲ. ಅದೇ ವಿಮಾನದಲ್ಲಿ ನಂಗೊಂದು ಸೀಟು ಬೇಕು. ಅವಳ ಹತ್ರ ಎಲ್ಲಾದ್ರೂ ಸರಿ. ನಾನೂ ಹೋಗ್ತೀನಿ."

ರೊಹಾನಾ ಪಾಸ್‌ಪೋರ್ಟಿನ ಅಂಕಿ ಒತ್ತಿದಳು. ಹುಬ್ಬು ಗಂಟಿಕ್ಕಿತು. ಮತ್ತೊಮ್ಮೆ ಒತ್ತಿದಳು.

"ಏನ್ ಪಾಕ್ ಚಿಕ್, ತಮಾಷೆ ಮಾಡ್ತಾ ಇದೀರಾ ನನ್ನ ಜೊತೆ?"

"ಯಾಕೆ? ಸೀಟಿಲ್ವಾ?"

"ನಿಮ್ಮ ಹೆಸರು ಆಗ್ಲೇ ಇದೆಯಲ್ಲ ಇಲ್ಲಿ. ಊ ಪೇ ಮೌಂಗ್. ಇದೇ ಪಾಸ್‌ಪೋರ್ಟು." ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು. "ಕೋಟಾ ರಾಯದ ಅಂಗಡಿಯಿಂದ ಮಾಡ್ಸಿದಾರೆ. ಒಂದು ಕಡೆ ಈ ಹುಡುಗಿ, ಇನ್ನೊಂದು ಕಡೆ ಥೀರಿ ಅಂತ ಯಾರೋ. ನಡುವಿನ ಸೀಟು ನಿಮ್ದು."

ಪೇ ಮೌಂಗ್ ಪರದೆಯ ಮೇಲಿನ ತನ್ನ ಹೆಸರನ್ನು ನೋಡಿದ. ಅವನು ಈ ಹುಡುಗಿಯ ಹಿಂದೆ ಹೊರಟೇ ಹೊರಡುತ್ತಾನೆಂದು ಯುಜನಾಗೆ ಗೊತ್ತಿತ್ತು. ಹೆಸರಿನ ಪಕ್ಕದಲ್ಲಿ ಟಿಕೆಟ್ ಮಾಡಿಸಿದ ದಿನವೂ ಇತ್ತು.

ನಿನ್ನೆ ಬೆಳಿಗ್ಗೆ. ಓನ್ಮಾ ಆಗ ಇನ್ನೂ ಯಾಂಗೊನ್ ಬಿಟ್ಟೇ ಇರಲಿಲ್ಲ.